ಯಾರದೂ ಅಲ್ಲದ ಭಾಷೆ

‘ಆ ದರ್ಜಿ ಹತ್ರ ಅಂಗಿ ಹೊಲಿಸೋಕೆ ಹೋದ್ರೆ ಭಾಷೆ ಕಲಿತೇ ಬರ್ಬೇಕು ಕಣ್ರೀ’ ಎಂದು ನೆರೆಹೊರೆಯವರು ನಗುತ್ತಿದ್ದರು. ಸುಳ್ಳೇನಲ್ಲ. ಲೋಕದವರೆಲ್ಲ ಸರಿಸಮನಾಗಿ ಮಾತಾಡಲೆಂದು ಯಾರೋ ಪುಣ್ಯಾತ್ಮರು ಕೂತು ಕಟ್ಟಿದ ಭಾಷೆಯೊಂದನ್ನು ಆ ದರ್ಜಿ, ಬೀದಿಯವರೆಲ್ಲ ಲೋಕಭಾಷೆ ಮಾಮ ಎಂದೇ ಕರೆಯುತ್ತಿದ್ದವ, ತಲೆಗೆ ಹಚ್ಚಿಕೊಂಡಿದ್ದ. ಗಿರಾಕಿಯ ಕುತ್ತಿಗೆಗೆ ಅಳತೆ ಟೇಪು ಸುತ್ತಿದನೆಂದರೆ, ಅದರಲ್ಲೊಂದು ಮಾತು ಹೇಳಿಸಿಯೇ ಬಿಡುತ್ತಿದ್ದ. ಬೆಕ್ಕನ್ನು ಗದರುವುದೂ ಅದರಲ್ಲೇ; ಗಿರಾಕಿಗಳಿಗಿಂತ ಬೆಕ್ಕೇ ಬೇಗ ಕಲಿತಿತ್ತು. ‘ಅಲ್ಲಯ್ಯಾ, ಯಾರ ಮನೇಲೂ ಆಡದ ಭಾಷೆ ನಿಂಗ್ಯಾಕೆ?’ ಎಂದು ಪಕ್ಕದಂಗಡಿಯ ಕ್ಷೌರಿಕ ಕೆಣಕಿದ ದಿನ ಮಾತ್ರ ಮಾಮನ ಕತ್ತರಿ ನಿಂತಿತು. ‘ಗಲಭೇಲಿ ನಮ್ಮಕ್ಕನ್ನ ಬೀದೀಲಿ ತಡೆದು ಯಾರೇ ನೀನು ಅಂದ್ರು. ಅವಳು ಅಮ್ಮನ ಭಾಷೇಲಿ ಉತ್ತರ ಕೊಟ್ಳು. ಅಷ್ಟಕ್ಕೇ ಕೊಂದ್ರು. ಈ ಭಾಷೇಲಿ ಇನ್ನೂ ಯಾರೂ ಹೊಡೀರಿ ಅಂತ ಕೂಗಿಲ್ಲಪ್ಪಾ.’ ಕೊನೆಗೊಂದು ದಿನ, ಮಾಮನಿಗೆ ಅಂಗಡಿಯೂ ಆಗಿದ್ದ ಆ ಮನೆಯ ಮಾಲೀಕ ಬಂದು, ‘ಇದು ನಮ್ಮ ಭಾಷೆಗೆ ಅವಮಾನ. ಆ ಮಾತು ಬಿಡು, ಇಲ್ಲಾ ಮನೆ ಬಿಡು’ ಎಂದ. ಮಾಮ ಹೊಲಿಗೆ ಯಂತ್ರವನ್ನು ಹೆಗಲಿಗೇರಿಸಿದ. ಹೊಸಿಲು ದಾಟಿ, ಹೋಗಿಬರುತ್ತೇನೆ ಎಂಬುದನ್ನು ಬೀದಿಗೆಲ್ಲ ಕೇಳುವಂತೆ ಆ ಭಾಷೆಯಲ್ಲೇ ಕೂಗಿದ. ಮಾಲೀಕ ‘ಏನಯ್ಯಾ ಹಾಗಂದ್ರೆ?’ ಎಂದು ಕೇಳುವ ತನಕ ಮಾಮ ಜಾಗ ಬಿಟ್ಟು ಕದಲಲಿಲ್ಲ.