ಔದ್ರೋನೆ ಆಟ ನಿಲ್ಲಿಸಿದ ಬೆಳಿಗ್ಗೆ

ಎತ್ತರದ ಮಕ್ಕಳನ್ನು ಕಂಡರೆ ಔದ್ರೋನೆಗೆ ಮೊದಲಿನಿಂದಲೂ ಕರುಳು ಚುರುಕ್ಕೆನ್ನುತ್ತಿತ್ತು. ಅವಳೂ ಬಾಗಿಲು ಬಾಗಿಲಿಗೆ ತಲೆ ಬಗ್ಗಿಸಿಕೊಂಡೇ ಬೆಳೆದವಳು. ಒಂದು ಕಾಲಕ್ಕೆ ಲಿಥುವೇನಿಯಾದ ಹೆಂಗಸರ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಬುಟ್ಟಿಯ ಕೆಳಗೆ ನಿಂತು ಮೊಣಕೈ ಏಟು ತಿಂದು, ಕೊಟ್ಟು ಗಟ್ಟಿಯಾದವಳು. ಮಂಡಿ ಸವೆದ ಮೇಲೆ ಅಮೆರಿಕದ ಒಂದು ತಂಡಕ್ಕೆ ಹುಡುಗರನ್ನು ತೂಗಿ ನೋಡಿ ಹೇಳುವ ಕೆಲಸ ಹಿಡಿದಿದ್ದಳು. ಅಲ್ಲಿನ ತಂಡಗಳು ಸರದಿಯ ಪ್ರಕಾರ ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಜೂನ್‌ನಲ್ಲಿ. ಹಾಗಾಗಿ ವಸಂತ ಬಂತೆಂದರೆ ಅವಳ ಕಾಲಿಗೆ ಚಕ್ರ.

ಆ ವರ್ಷ ಎಲ್ಲರ ಬಾಯಲ್ಲೂ ಬಿರ್ಜೈ ಊರಿನ ಯೋರಿಸ್‌ನದೇ ಹೆಸರು. ಹತ್ತೊಂಬತ್ತು ವರ್ಷ, ಏಳಡಿ ದಾಟಿದ ಆಳು. ಊರವರ ಬಾಯಲ್ಲಿ 'ಕೊಕ್ಕರೆ'. ಬಿರ್ಜೈಗೆ ಹೋದ ಔದ್ರೋನೆ ಅವನ ತಂಡದ ಅಭ್ಯಾಸದಲ್ಲಿ ಚೆಂಡನ್ನು ನೋಡದೆ ಅವನ ಪಾದ ನೋಡುತ್ತಾ ಕೂತಳು. ಅಷ್ಟು ಎತ್ತರದವರು ತಿರುಗುವುದೆಂದರೆ ಬೀರು ಸರಿಸಿದ ಹಾಗೆ. ಇವನು ಬೆಕ್ಕಿನ ಹಾಗೆ ತಿರುಗುತ್ತಿದ್ದ. ಒಮ್ಮೆ ನೆಗೆದು ಚೆಂಡು ಸಿಗದಿದ್ದರೆ, ಬೇರೆಯವರು ಕೆಳಗಿಳಿಯುವುದರೊಳಗೆ ಮತ್ತೆ ನೆಗೆದಿರುತ್ತಿದ್ದ. ತಾನು ತಪ್ಪು ಮಾಡಿದಾಗ ಗೆಳೆಯರ ಮೇಲೆ ಕಣ್ಣು ಕೆಂಪು ಮಾಡದೆ ತನ್ನ ಬುಟ್ಟಿ ಕಾಯಲು ಹಿಂದಕ್ಕೆ ಓಡುತ್ತಿದ್ದ. ಇಂಥವನು ಹತ್ತು ವರ್ಷಕ್ಕೊಬ್ಬ, ಅಂದುಕೊಂಡಳು.

ಆಗಲೇ ಅವನು ಓಟದ ನಡುವೆ ನಿಂತ. ಕಂಬಕ್ಕೆ ಕೈಯಾನಿಸಿ, ನಿಧಾನವಾಗಿ ಕುಸಿದು ಕೂತ. ಮುಖ ಬಿಳಚಿಕೊಂಡಿತ್ತು. ಯಾರೋ ನೀರು ಕೊಟ್ಟರು, ನಗುತ್ತಾ ಎದ್ದ. ಬೆವರಿಗೆ ಅಂಟಿದ ಅಂಗಿಯ ಹಿಂದೆ ಎದೆಯ ನಡುಭಾಗ ಒಳಕ್ಕೆ ಗುಳಿ ಬಿದ್ದಿತ್ತು. ಬೆರಳುಗಳು ಜೇಡನ ಕಾಲಿನಷ್ಟು ಸಪೂರ.

ಔದ್ರೋನೆ ಆ ಬೆರಳುಗಳಿಂದ ಕಣ್ಣು ಕೀಳಲಿಲ್ಲ. ಕಿರಿಯರ ತಂಡದಲ್ಲಿ ಅವಳ ಜೊತೆ ವೈವಾ ಎಂಬವಳು ಆಡುತ್ತಿದ್ದಳು. ಇಂಥದೇ ಬೆರಳು, ಇಂಥದೇ ಎದೆ. ಒಂದು ದಿನ ಅಭ್ಯಾಸದಲ್ಲಿ, ಔದ್ರೋನೆ ಎಸೆದ ಚೆಂಡು ಹಿಡಿದವಳು ಹಾಗೇ ಮುಂದಕ್ಕೆ ಬಿದ್ದಳು, ಮತ್ತೆ ಏಳಲಿಲ್ಲ. ಹೃದಯದಿಂದ ಹೊರಡುವ ದೊಡ್ಡ ನಾಳ ಒಡೆದಿತ್ತಂತೆ.

ಅವಳು ಕೋಚ್ ರಿಮ್‌ವೀದಸ್‌ನನ್ನು ಮೂಲೆಗೆ ಕರೆದಳು.

"ಈ ಹುಡುಗ ಹೀಗೆ ಮುಂಚೆಯೂ ಕೂತಿದ್ನಾ?"

"ಬೆಳಿಗ್ಗೆ ತಿಂಡಿ ತಿನ್ನಲ್ಲ ಕಣಕ್ಕಾ, ಅದಕ್ಕೆ."

"ಎದೆ ಸ್ಕ್ಯಾನ್ ಮಾಡ್ಸಿದೀರಾ?"

ರಿಮ್‌ವೀದಸ್‌ನ ಮುಖ ಬಿಗಿಯಿತು. "ಎದೆಗೆ ತಂತಿ ಅಂಟಿಸಿ ಇಸಿಜಿ ತೆಗೆದು ನೋಡಿದಾರೆ, ಎಲ್ಲ ಸರಿಯಿದೆ. ನಾಳೆ ಅಮೆರಿಕದೋರು ಬರ್ತಿದಾರೆ. ಈ ಊರಿಗೆ ಜೀವಮಾನದಲ್ಲಿ ಒಂದ್ಸಲ ಸಿಗೋ ಹುಡುಗ ಇವನು. ನಿನ್ನ ಬಾಯಿಂದ ಅಪಶಕುನ ಬೇಡ, ಮಾರಾಯ್ತಿ."

ಸಂಜೆ ಯೋರಿಸ್‌ನ ತಾಯಿ ನಿಯೋಲೆ ಅವಳನ್ನು ಊಟಕ್ಕೆ ಕರೆದಿದ್ದಳು. ಗುಲಾಬಿ ಬಣ್ಣದ ತಣ್ಣನೆ ಬೀಟ್‌ರೂಟ್ ಸಾರು, ಬಿಸಿ ಆಲೂಗಡ್ಡೆ. ಯೋರಿಸ್ ಗಬಗಬ ತಿಂದು ಗೆಳೆಯರ ಹತ್ತಿರ ಹೋದ. ಗೋಡೆಯ ಮೇಲೆ ಅವನ ಅಪ್ಪನ ಪಟವಿತ್ತು. ಅದೇ ಉದ್ದ, ಅದೇ ಬೆರಳು.

"ಇವರು ಹೇಗೆ ಹೋದರು?" ಔದ್ರೋನೆ ಪಟದ ಕಡೆ ನೋಡುತ್ತಾ ಕೇಳಿದಳು.

"ಸೌನಾದಲ್ಲಿ, ಹಬೆ ಸ್ನಾನ ಮಾಡ್ತಾ," ಎಂದಳು ನಿಯೋಲೆ ಬ್ರೆಡ್ ಕೊಯ್ಯುತ್ತಾ. "ಬಿಸಿ ಹೆಚ್ಚಾಯ್ತು ಅಂದ್ರು. ಬಾಗಿಲು ತೆಗೆದ್ರೆ ಬೆಂಚಿನ ಮೇಲೆ ಮಲಗಿದ ಹಾಗಿದ್ರು. ನಲವತ್ತೂ ಆಗಿರ್ಲಿಲ್ಲ."

ಔದ್ರೋನೆ ಚಮಚ ಕೆಳಗಿಟ್ಟಳು. "ನಾನು ಡಾಕ್ಟರಲ್ಲ, ನಿಯೋಲೆ. ನನ್ನ ಭಯ ಸುಳ್ಳಾಗ್ಲಿ ಅಂತ್ಲೇ ಹೇಳ್ತಿದೀನಿ," ಎಂದು ವೈವಾಳ ಕತೆ ಹೇಳಿದಳು. ನಿಯೋಲೆಯ ಕೈಯ ಚಾಕು ಬ್ರೆಡ್ಡಿನ ನಡುವೆಯೇ ನಿಂತಿತು.

ಮರುದಿನ ಬೆಳಿಗ್ಗೆ ನಿಯೋಲೆ ಫೋನ್ ಮಾಡಿ ಅತ್ತಳು: "ಇವತ್ತು ಆಡ್ಬೇಡ ಅಂತ ಎಷ್ಟು ಬೇಡ್ಕೊಂಡ್ರೂ ಕೇಳ್ಲಿಲ್ಲ. ಹೊರಟೇಬಿಟ್ಟ."

ಔದ್ರೋನೆ ಬರುವಷ್ಟರಲ್ಲಿ ಆಟ ಶುರುವಾಗಿತ್ತು. ಅವಳಿಗೆ ಕೆಲಸ ಕೊಟ್ಟ ತಂಡದವರೂ ಸೇರಿ ಅಮೆರಿಕನ್ನರು ಸಾಲಾಗಿ ಕೂತಿದ್ದರು. ಯೋರಿಸ್ ಹಾರುತ್ತಿದ್ದ, ಅಂಥ ಆಟವನ್ನು ಅವಳು ನೋಡಿರಲಿಲ್ಲ. ಅವನ ಪಾದ ನೆಲಕ್ಕೆ ಬಡಿದ ಪ್ರತಿ ಸಲವೂ ಅವಳ ಕಿವಿಯಲ್ಲಿ ವೈವಾ ಬಿದ್ದ ಸದ್ದು. ಸುಮ್ಮನಿದ್ದರೆ ಇನ್ನು ಸ್ವಲ್ಪ ಹೊತ್ತಿಗೆ ಎಲ್ಲ ಮುಗಿದು ಅವನು ಮನೆಗೆ ಹೋಗಬಹುದು. ಹೋಗದೆಯೂ ಇರಬಹುದು.

ಯೋರಿಸ್ ಓಡುತ್ತಲೇ ಎದೆಗೆ ಕೈ ಒತ್ತಿಕೊಂಡ. ಅವಳು ನೋವಿನ ಮಂಡಿಯಲ್ಲೇ ಅಂಗಳದ ನಡುವಿಗೆ ನಡೆದುಹೋಗಿ ಚೆಂಡು ಕಸಿದುಕೊಂಡು ನಿಂತಳು.

"ಆಟ ನಿಲ್ಲಿಸಿ."

"ಹುಚ್ಚು ಹಿಡೀತಾ ನಿಂಗೆ!" ರಿಮ್‌ವೀದಸ್ ಕೂಗಿದ.

ಯೋರಿಸ್ ಅವಳ ಮೇಲೆ ಬಾಗಿದ. "ಚೆಂಡು ಕೊಡಿ."

"ಸ್ಕ್ಯಾನ್ ಮಾಡಿಸ್ಕೊಂಡು ಬಾ, ಕೊಡ್ತೀನಿ."

"ನನಗೇನೂ ಆಗಿಲ್ಲ! ಕೊಡಿ ಅಂದೆ!" ಅವನ ಒಂದು ಕೈ ಇನ್ನೂ ಎದೆಯ ಮೇಲೇ ಇತ್ತು. ಆಗ ಅವಳಿಗೆ ಗೊತ್ತಾಯಿತು, ಇವನೂ ಹೆದರಿದ್ದಾನೆ, ಬಹಳ ದಿನದಿಂದ. ಅಮೆರಿಕನ್ನರ ಸಾಲಿನಿಂದ ಹಿರಿಯನೊಬ್ಬ ಎದ್ದು ಕೋಟು ತೊಟ್ಟುಕೊಂಡ. ಪರೀಕ್ಷೆ ಆಗುವ ತನಕ ತಾವು ನೋಡುವುದಿಲ್ಲ ಎಂದ. ಅಲ್ಲಿಗೆ ಆಟ ಮುಗಿಯಿತು.

ಕೌನಸ್ ನಗರದ ಆಸ್ಪತ್ರೆಯಲ್ಲಿ ಯೋರಿಸ್‌ನನ್ನು ಸ್ಕ್ಯಾನಿಗೆ ಒಳಗೆ ಕರೆದೊಯ್ದರು. ಪಡಸಾಲೆಯಲ್ಲಿ ನಿಯೋಲೆ ಒಂದು ಕಡೆ, ಔದ್ರೋನೆ ಒಂದು ಕಡೆ ಕೂತರು. ಭಯ ಸುಳ್ಳಾಗಲಿ ಎಂದು ಇಬ್ಬರೂ ಬೇಡಿಕೊಂಡರು. ಸುಳ್ಳಾಗಲಿಲ್ಲ. ಹೃದಯದ ದೊಡ್ಡ ನಾಳ ಬಲೂನಿನಂತೆ ಊದಿಕೊಂಡಿತ್ತು. ಎದೆ ಕೊಯ್ದು ಸರಿಮಾಡಬೇಕು, ಇನ್ನು ಆಡುವಂತಿಲ್ಲ ಎಂದರು ಡಾಕ್ಟರು. ಹೊರಬಂದ ಯೋರಿಸ್ ಗೋಡೆ ನೋಡುತ್ತಾ ಹೇಳಿದ:

"ನಿಧಾನಿ, ಮೆತ್ತಗಿದಾನೆ ಅಂತ ಅಮೆರಿಕದೋರಿಗೆ ಹೇಳಿದ್ರೆ ಸಾಕಿತ್ತಲ್ಲ. ಯಾರೂ ತಗೋತಿರ್ಲಿಲ್ಲ. ನಾನು ಇಲ್ಲೇ ಆಡ್ಕೊಂಡಿರ್ತಿದ್ದೆ."

ಅವಳು ಬೆಂಚಿನ ಮೇಲಿದ್ದ ಅವನ ಚೀಲ ಎತ್ತಿ ಅವನ ಕೈಗೆ ಕೊಟ್ಟಳು.

ಶಸ್ತ್ರಚಿಕಿತ್ಸೆ ಆಯಿತು, ಹುಡುಗ ಉಳಿದ. ಬಿರ್ಜೈನಲ್ಲಿ ಕೆಲವರು ಈಗಲೂ ಅವಳನ್ನು ಕಂಡರೆ ಮುಖ ತಿರುಗಿಸುತ್ತಾರೆ. ಅದೇ ವರ್ಷ ನವೆಂಬರ್‌ನಲ್ಲಿ ಪಾನೆವೆಜಿಸ್ ಊರಿನ ಬಸ್ ನಿಲ್ದಾಣದಲ್ಲಿ ಅವನು ಎದುರಿಗೇ ಸಿಕ್ಕ. ಅವಳು ಪಕ್ಕಕ್ಕೆ ಸರಿಯಬೇಕೆಂದಿದ್ದಳು. ಅವನೇ ಹತ್ತಿರ ಬಂದು ನಿಂತ.

"ಹೃದಯಕ್ಕೆ ಕೃತಕ ಕವಾಟ ಹಾಕಿದಾರೆ," ಎಂದ. "ಮಲಗಿದ್ರೆ ಗಡಿಯಾರದ ಹಾಗೆ ಕೇಳ್ಸುತ್ತೆ. ಕೇಳ್ಸಿದ್ರೂ ಭಯ. ಕೇಳ್ಸದೆ ಹೋದ್ರೆ ಅಂತ ಇನ್ನೂ ಭಯ."

ಬಸ್ಸೊಂದು ಎಂಜಿನ್ ಆರಿಸಿತು. ಆ ಮೌನದಲ್ಲಿ ಅವಳಿಗೂ ಕೇಳಿಸಿತು, ಕೋಟಿನೊಳಗಿಂದ ಸಣ್ಣಗೆ, ಟಿಕ್, ಟಿಕ್.

"ನಂಗೂ ಭಯ ಕಣೋ," ಎಂದಳು. ಅವನು ತಲೆಯಾಡಿಸಿದ. ಅವನ ಬಸ್ ಬರುವ ತನಕ ಇಬ್ಬರೂ ಅಲ್ಲೇ ನಿಂತಿದ್ದರು.