ಗುಡ್ಡ ಹತ್ತಿದ ಪುಸ್ತಕಪಟ್ಟಿ

ಬೆನ್ನಿಗೆ ಚೀಲ ಏರಿಸಿಕೊಂಡು ವಾರಗಟ್ಟಲೆ ಕಾಡುಮೇಡು ಸುತ್ತುವವರ ಪುಸ್ತಕ ಸಿಕ್ಕಿತೆಂದರೆ ಒಲೆಯ ಮೇಲಿನ ಹಾಲು ಉಕ್ಕಿದರೂ ನಾನು ಏಳುವವಳಲ್ಲ. ಅಂಥ ಹುಚ್ಚು ನನ್ನದು. ಆದರೆ ನಾಚಿಕೆ ಬಿಟ್ಟು ಹೇಳುತ್ತೇನೆ, ಯಾದಗಿರಿಯಲ್ಲೇ ಹುಟ್ಟಿ ಬೆಳೆದರೂ ಕಣ್ಣೆದುರಿನ ಕೋಟೆ ಗುಡ್ಡವನ್ನು ಒಮ್ಮೆಯೂ ಪೂರ್ತಿ ಹತ್ತಿರಲಿಲ್ಲ!

ಇಂಥವಳು ನಾನು ಟೀಚರ್ ಆಗಿರುವ ಶಾಲೆಯ ಲೈಬ್ರರಿಗೆ ಅಂಥವೇ ಹತ್ತು ಪುಸ್ತಕಗಳ ಪಟ್ಟಿ ಮಾಡಿ ಹೆಡ್‌ಮೇಡಂ ಮುಂದಿಟ್ಟೆ. ಅವರು ಕನ್ನಡಕ ಏರಿಸಿದರು.

“ನಮ್ಮ ಹುಡುಗ್ರು ಮುದನಾಳ ಹಳ್ಳಿಯಿಂದ ದಿನಾ ನಡಕೋತ ಬರ್ತಾವ. ನಡಿಯೋದು ಕಲಿಯಾಕ ಪುಸ್ತಕ ಬೇಕೇನ್ರಿ ಅವಕ್ಕ?”

ನನಗೆ ಸಿಟ್ಟು ನೆತ್ತಿಗೇರಿತು. “ಐತಾರ ಕೋಟಿ ಗುಡ್ಡಕ್ಕ ಬರ್ರಿ ಮೇಡಂ. ಪುಸ್ತಕದಾಗ ಹೇಳಿದಂಗ ಕರಕೊಂಡು ಹೋಗ್ತೀನಿ. ತುದಿ ಮುಟ್ಟಿದ್ರ ಸಹಿ ಹಾಕ್ರಿ, ಇಲ್ಲಂದ್ರ ಪಟ್ಟಿ ಹರದು ಒಗೀರಿ.”

“ಆಯ್ತು, ನಡ್ರಿ,” ಅಂದೇಬಿಟ್ಟರು.

ಭಾನುವಾರ ಬೆಳಿಗ್ಗೆ ಗುಡ್ಡದ ಬುಡದ ಚಹಾ ಅಂಗಡಿಯಲ್ಲಿ ನಾನು, ಹೆಡ್‌ಮೇಡಂ, ಅವರು ಜೊತೆಗೆ ಕರೆತಂದ ಗಣಿತದ ಟೀಚರ್ ಸೇರಿದೆವು. ಚೀಲ ಹಗುರವಿರಬೇಕೆಂದು ನನ್ನ ಪುಸ್ತಕಗಳೆಲ್ಲ ಬಡಿದುಕೊಳ್ಳುತ್ತವೆ. ಹಾಗಾಗಿ ಪರೀಕ್ಷೆಗೆ ಬಂದ ಸ್ಕ್ವಾಡಿನವರ ಹಾಗೆ ಇಬ್ಬರ ಚೀಲವನ್ನೂ ತಪಾಸಣೆ ಮಾಡಿದೆ. ನಮ್ಮ ಕಡೆಯ ಹೆಣ್ಣುಮಕ್ಕಳು ಬಸ್‌ಸ್ಟ್ಯಾಂಡಿಗೆ ಹೊರಟರೂ ರೊಟ್ಟಿ ಗಂಟು ಬಿಡುವವರಲ್ಲ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಎಲ್ಲವನ್ನೂ ಅಂಗಡಿಯವನ ಹತ್ತಿರ ಬಿಡಿಸಿದೆ. ತಲೆಗೊಂದು ಮುಷ್ಟಿ ಬಾದಾಮಿ, ಒಂದು ಬಾಟಲಿ ನೀರು. ಅದೇ ಹುರುಪಿನಲ್ಲಿ ನನ್ನ ಚೀಲದ ಕಾಗದಪತ್ರಗಳನ್ನೂ ಅಲ್ಲೇ ಸುರಿದೆ.

“ನಾವೇನ್ ಅಳಿಲೇನ್ರಿ?” ಎಂದು ಗಣಿತದ ಟೀಚರ್ ಬಾದಾಮಿ ನೋಡಿ ಗೊಣಗಿದರು.

ಅರ್ಧ ದಾರಿಯಲ್ಲಿ ಅವರು ಬಂಡೆಯ ಮೇಲೆ ಕುಸಿದು ಕುಳಿತರು. “ನನ್ನ ಕೈಲೆ ಆಗಂಗಿಲ್ಲವಾ. ಹೊಟ್ಟಿ ಹಸದೈತಿ.” ಪಕ್ಕದಲ್ಲೇ ಹೆಡ್‌ಮೇಡಂ ಕೂಡ ಕುಳಿತರು. ಹೋಯಿತು, ನನ್ನ ಹತ್ತೂ ಪುಸ್ತಕ ಹೋದವು ಎಂದುಕೊಂಡೆ. ಅಳು ಬಂತು.

ಆಗ ಹೆಡ್‌ಮೇಡಂ ಆ ಕಡೆ ತಿರುಗಿ, ಸೆರಗಿನೊಳಗೆ ಕೈ ಹಾಕಿ, ಸೊಂಟಕ್ಕೆ ಕಟ್ಟಿಕೊಂಡಿದ್ದ ಇನ್ನೊಂದು ಗಂಟನ್ನು ಹೊರತೆಗೆದರು.

“ನೀವು ಚೀಲ ನೋಡಿದ್ರಿ. ನನ್ನ ನೋಡಲಿಲ್ಲ.”

ಆರು ರೊಟ್ಟಿ! ಅಯ್ಯೋ, ನಾವು ನಕ್ಕ ನಗುವಿಗೆ ಬಿಕ್ಕಳಿಕೆ ಹತ್ತಿತು. ಗಣಿತದ ಟೀಚರ್ ತಲೆಗೆರಡು ಎಂದು ಲೆಕ್ಕ ಹೇಳಿ ಮೂರನೆಯದಕ್ಕೆ ಕೈ ಹಾಕಿದರು. ತಿಂದೆದ್ದ ಮೇಲೆ ಒಬ್ಬರ ಕೈ ಒಬ್ಬರು ಹಿಡಿದು, ಕಿಸಿಕಿಸಿ ನಗುತ್ತಲೇ ತುದಿ ಮುಟ್ಟಿದೆವು. ಊರೆಲ್ಲ ಕಾಲ ಕೆಳಗಿತ್ತು. ಕುಣಿಯಬೇಕೆನಿಸಿತು, ಕುಣಿದೂಬಿಟ್ಟೆ.

“ಪಟ್ಟಿ ಕೊಡ್ರಿ,” ಅಂದರು ಹೆಡ್‌ಮೇಡಂ.

ಪಟ್ಟಿ ಎಲ್ಲಿದೆ? ಚಹಾ ಅಂಗಡಿಯಲ್ಲಿ, ರೊಟ್ಟಿಗಳ ಜೊತೆ!

“ಇರಲಿ, ಬಾಯಿಲೇ ಹೇಳ್ರಿ. ಏನೈತಿ ಅವುಗಳಾಗ?”

ಹೇಳತೊಡಗಿದೆ. ಒಂದರಲ್ಲಿ ಬರೀ ಪಾದದ ವಿಚಾರ, ಬೊಬ್ಬೆ ಎದ್ದರೆ ಏನು ಮಾಡಬೇಕು ಅಂತ. ಇನ್ನೊಂದು ಮೋಡ ನೋಡಿ ಮಳೆ ಹೇಳುವುದನ್ನು ಕಲಿಸುತ್ತದೆ. ಮೂರನೆಯದರಲ್ಲಿ ಒಬ್ಬ ಕಾಡಿನಲ್ಲಿ ದಾರಿ ತಪ್ಪುತ್ತಾನೆ, ತಿನ್ನಲು ಏನೂ ಉಳಿದಿಲ್ಲ, ತನ್ನ ನೆರಳು ನೋಡಿ ದಿಕ್ಕು ಹಿಡಿದು ನಡೆಯುತ್ತಾನೆ, ಮೂರನೆಯ ದಿನ ಒಂದು ಹೊಳೆ ಅಡ್ಡ ಬರುತ್ತದೆ...

“ಸಾಕು, ನಿಲ್ಲಸ್ರಿ,” ಎಂದು ಹೆಡ್‌ಮೇಡಂ ಕೈ ಎತ್ತಿದರು.

ಇಷ್ಟು ಹತ್ತಿದ್ದೂ ದಂಡವಾಯಿತೇ ಎಂದುಕೊಂಡೆ.

“ಅವ ಮನಿ ಮುಟ್ಟಿದ್ನೋ ಇಲ್ಲೋ, ಈಗ ಹೇಳಬ್ಯಾಡ್ರಿ. ಪುಸ್ತಕ ಬಂದ ಮ್ಯಾಲ ನಾನ ಓದ್ತೀನಿ.”