ಇದು ಬೇರೆ ಮಗ್ಗು

ನನ್ನ ಅಕ್ಕನ ಗಂಡನಿಗೆ ನಮ್ಮ ಬಳಗದಲ್ಲಿ ‘ಬೀಗದ ಭಾವ’ ಎಂದು ಹೆಸರು. ಇದನ್ನು ಕೇಳಿಸಿಕೊಂಡ ಹೊಸಬರು ತಮ್ಮ ಮನೆಯ ಕೀಲಿ ಕಳೆದುಹೋದಾಗ ಪಾಪ ಅವರಿಗೆ ಫೋನು ಮಾಡುತ್ತಾರೆ. ಬಾಗಿಲಿನ ಬೀಗಕ್ಕೂ ಭಾವನಿಗೂ ಸಂಬಂಧವಿಲ್ಲ. ತಮ್ಮದೇ ಮನೆಯ ಚಿಲಕ ಸಿಕ್ಕಿಕೊಂಡರೂ ಅವರು ಅಕ್ಕನನ್ನು ಕೂಗುತ್ತಾರೆ. ಅವರದೇನಿದ್ದರೂ ಕಂಪ್ಯೂಟರಿನ ಹೊಟ್ಟೆಯೊಳಗಿನ ಬೀಗಗಳ ವ್ಯವಹಾರ.

ಹೊಟ್ಟೆಪಾಡಿಗೆ ಅವರು ಊರಿನ ಸಾರ್ವಜನಿಕ ಗ್ರಂಥಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾರೆ. ಮನೆಗೆ ಬಂದ ಮೇಲೆ ಇನ್ನೊಂದು ಕೆಲಸ. ಯಾರು ಬೇಕಾದರೂ ತೆರೆದು ಓದಿ, ತಿದ್ದಿ, ಪುಕ್ಕಟೆಯಾಗಿ ಬಳಸಬಹುದಾದ ಒಂದು ಆಪರೇಟಿಂಗ್ ಸಿಸ್ಟಮ್ ಇದೆ. ಅದರ ತಿರುಳಿಗೆ ಕರ್ನೆಲ್ ಎನ್ನುತ್ತಾರೆ. ಆ ತಿರುಳಿನೊಳಗೆ ಕೆಲಸಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಇಡೀ ಯಂತ್ರ ಕಲ್ಲಾಗಿ ನಿಲ್ಲುವ ಒಂದು ಕಾಯಿಲೆಯಿದೆ. ಭಾವ ಅದರ ವೈದ್ಯರು. ಸಂಬಳವಿಲ್ಲ.

“ಮತ್ಯಾಕೆ ಭಾವ ಈ ಉಸಾಬರಿ?” ಎಂದು ಒಮ್ಮೆ ಕೇಳಿದೆ.

“ನೀನು ಹಾಸ್ಯ ಬರೀತೀಯಲ್ಲ, ಯಾರಾದ್ರೂ ನಗ್ತಾರಾ? ಆದ್ರೂ ಬರೀತಾನೇ ಇದ್ದೀಯ.”

ಆಮೇಲೆ ನಾನು ಆ ವಿಷಯ ಎತ್ತಲಿಲ್ಲ.

ಕಾಯಿಲೆ ಎಂಥದ್ದೆಂದು ನನಗೆ ತಿಳಿಸಲು ಅವರು ಬಚ್ಚಲುಮನೆಯ ಬಾಗಿಲಲ್ಲೇ ಪಾಠ ಮಾಡಿದರು. “ನಿನಗೂ ಸ್ನಾನ ಆಗ್ಬೇಕು, ನನಗೂ ಆಗ್ಬೇಕು. ಇರೋದು ಒಂದೇ ಬಕೆಟ್ಟು, ಒಂದೇ ಮಗ್ಗು. ನೀನು ಬಕೆಟ್ಟು ಹಿಡ್ಕೊಂಡು ಮಗ್ಗಿಗೆ ಕಾಯ್ತೀಯ. ನಾನು ಮಗ್ಗು ಹಿಡ್ಕೊಂಡು ಬಕೆಟ್ಟಿಗೆ ಕಾಯ್ತೀನಿ. ಇಬ್ಬರೂ ಕೈಲಿರೋದನ್ನ ಬಿಡಲ್ಲ. ಏನಾಗುತ್ತೆ?”

“ಅಕ್ಕ ಬಂದು ಇಬ್ಬರಿಗೂ ಉಗೀತಾಳೆ.”

“ಕಂಪ್ಯೂಟರೊಳಗೆ ಅಕ್ಕ ಇಲ್ಲ ಕಣೋ. ಅದೇ ತೊಂದರೆ.”

ಕಂಪ್ಯೂಟರಿನವರು ಈ ಬಕೆಟ್ಟು, ಮಗ್ಗುಗಳಿಗೇ ಬೀಗ ಎನ್ನುತ್ತಾರೆ. ಇದಕ್ಕೆ ಮದ್ದು ಒಂದು ಶಿಸ್ತು. ಯಾರೇ ಆಗಲಿ ಮೊದಲು ಬಕೆಟ್ಟು ಹಿಡಿಯಬೇಕು, ಆಮೇಲೆ ಮಗ್ಗು. ಶಿಸ್ತು ತಪ್ಪದಂತೆ ನೋಡಿಕೊಳ್ಳಲು ಒಂದು ಕಾವಲು ಪ್ರೋಗ್ರಾಮೂ ಉಂಟು. ಯಾರಾದರೂ ಮಗ್ಗಿಗೆ ಮೊದಲು ಕೈ ಹಾಕಿದರೆ ಸಾಕು, ಯಾರೂ ಸಿಕ್ಕಿಹಾಕಿಕೊಳ್ಳದಿದ್ದರೂ ಸರಿ, ಅದು ಬೊಬ್ಬೆ ಹೊಡೆಯುತ್ತದೆ. ಭಾವನಿಗೆ ಈ ಕಾವಲುಗಾರನ ಮೇಲೆ ಬಹಳ ಭರವಸೆ. ಅದಕ್ಕಿಂತ ಹೆಚ್ಚಿನ ಭರವಸೆ ಇದ್ದದ್ದು ಮಫ್ಲರ್ ಮೇಲೆ.

ಮಫ್ಲರ್ ಎಂದರೆ ಬೇರೊಂದು ಊರಿನ ಒಬ್ಬ ಪ್ರೋಗ್ರಾಮರ್. ಬಿರುಬಿಸಿಲಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ವಿಡಿಯೋ ಕರೆಗೆ ಬರುತ್ತಿದ್ದುದರಿಂದ ಅಕ್ಕ ಇಟ್ಟ ಹೆಸರು ಅದು. ಈ ಕೆಲಸದಲ್ಲಿ ಅಆಇಈಯಿಂದ ಅವನನ್ನು ತಿದ್ದಿದವರು ಭಾವ. ಒಮ್ಮೆ ವಾರಗಟ್ಟಲೆ ಮನೆಗೇ ಬಂದು ಉಳಿದಿದ್ದ. ಬಚ್ಚಲ ಬಾಗಿಲಿನ ಪಾಠ, ನನ್ನ ಉತ್ತರದ ಸಮೇತ, ಅವನಿಗೂ ಆಯಿತು. ನನಗೆಂದು ಹಾಸುತ್ತಿದ್ದ ಹಾಸಿಗೆ ಅವನದಾಯಿತು, ನಾನು ಸೋಫಾಕ್ಕೆ ಇಳಿದೆ. ಹೋಗುವಾಗ ಒಂದು ಮಫ್ಲರ್ ಮರೆತುಹೋದ. ಅದನ್ನು ಅಕ್ಕ ಒಗೆದು, ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದಳು. ಆ ಆಪರೇಟಿಂಗ್ ಸಿಸ್ಟಮ್ಮಿನ ಒಂದೊಂದು ಭಾಗಕ್ಕೂ ಒಬ್ಬೊಬ್ಬ ಉಸ್ತುವಾರಿ ಇರುತ್ತಾನೆ. ಡಿಸ್ಕಿನ ಮೇಲೆ ಬರೆಯುವ ಭಾಗದ ಉಸ್ತುವಾರಿ ಮೊದಲು ಭಾವನದಾಗಿತ್ತು. “ನನಗಿಂತ ಚುರುಕಾಗಿದ್ದಾನೆ ಹುಡುಗ” ಎಂದು ಅದನ್ನು ಅವರಾಗಿಯೇ ಮಫ್ಲರಿಗೆ ಬಿಟ್ಟುಕೊಟ್ಟರು. ಆ ‘ಹುಡುಗ’ನ ತಲೆ ಆಗಲೇ ನನ್ನದಕ್ಕಿಂತ ಬೋಳಾಗಿತ್ತು.

ಹೀಗಿರಲು ಗ್ರಂಥಾಲಯದ ಕಂಪ್ಯೂಟರುಗಳು ಕಲ್ಲಾಗತೊಡಗಿದವು.

ಓದುಗರೊಬ್ಬರು ಪುಸ್ತಕ ವಾಪಸು ಕೊಡುತ್ತಿದ್ದಾರೆ, ಗುಮಾಸ್ತೆ ಒಂದು ಗುಂಡಿ ಒತ್ತುತ್ತಾಳೆ, ಪರದೆ ಅಲ್ಲಿಗೇ ನಿಂತುಬಿಡುತ್ತದೆ. ಹಿಂದೆ ಸಾಲು ಬೆಳೆಯುತ್ತದೆ. ಮುಖ್ಯಸ್ಥೆಗೆ ಸಿಬ್ಬಂದಿ ಗುಟ್ಟಾಗಿ ಇಟ್ಟ ಹೆಸರು ‘ಶ್ಶ್ ಮೇಡಂ’. ಅವರು ಭಾವನನ್ನು ತಮ್ಮ ಕೋಣೆಗೆ ಕರೆಸಿದರು. ಬೈಗುಳವನ್ನೂ ಪಿಸುಮಾತಿನಲ್ಲೇ ಬೈಯಬಲ್ಲವರು ಅವರು.

“ಈ ಪುಕ್ಕಟೆ ಸಿಸ್ಟಮ್ ಬೇಡ ಅಂದೆ. ನೀವೇ ಜವಾಬ್ದಾರಿ ಅಂತ ಹೇಳಿ ಹಾಕಿಸಿದ್ರಿ. ಮುಂದಿನ ಸಮಿತಿ ಸಭೆಗೆ ನನಗೊಂದು ಉತ್ತರ ಬೇಕು. ಯಂತ್ರದ ತಪ್ಪಾ, ನಿಮ್ಮ ತಪ್ಪಾ? ಉತ್ತರ ಇಲ್ಲ ಅಂದ್ರೆ ಸಿಸ್ಟಮ್ ತೆಗೆಸ್ತೀನಿ. ನೀವು ಬೈಂಡಿಂಗ್ ವಿಭಾಗಕ್ಕೆ ಹೋಗಿ ಗೋಂದು ಕಲಸ್ಕೊಂಡಿರಿ.”

ಭಾವ ಮನೆಗೆ ಬಂದವರೇ ಮಫ್ಲರಿಗೆ ಫೋನು ಹಚ್ಚಿದರು. ಸ್ಪೀಕರ್ ಹಾಕಿದ್ದರಿಂದ ನಾವೂ ಕೇಳಿಸಿಕೊಂಡೆವು.

“ನೀವು ಚಿಂತೆ ಮಾಡ್ಬೇಡಿ ಗುರುಗಳೇ” ಎಂದ. “ಕಾವಲುಗಾರ ಏನಾದ್ರೂ ಕೂಗ್ದನಾ?”

“ಇಲ್ಲಪ್ಪ. ಗಪ್‌ಚುಪ್.”

“ಹಾಗಿದ್ರೆ ಬೀಗದ ತೊಂದರೆ ಅಲ್ವೇ ಅಲ್ಲ. ಮೆಮೊರಿ ಕಡ್ಡಿ ಕೆಟ್ಟಿರ್ಬೇಕು. ಬದಲಾಯಿಸಿ ನೋಡಿ.”

ಭಾವ ಮಂಡಿಯೂರಿ ಒಂದೊಂದೇ ಕಂಪ್ಯೂಟರನ್ನು ಬಿಚ್ಚಿ ಕಡ್ಡಿ ಬದಲಾಯಿಸಿದರು. ಧೂಳಿಗೆ ಸೀನಿ ಸೀನಿ ಮೂಗು ಕೆಂಪಾಯಿತು. ಶ್ಶ್ ಮೇಡಂ ಪ್ರತಿ ಸೀನಿಗೂ ತಮ್ಮ ಹೆಸರನ್ನು ಉಳಿಸಿಕೊಂಡರು. ಯಂತ್ರ ಮತ್ತೆ ಕಲ್ಲಾಯಿತು. ಮತ್ತೆ ಫೋನು. “ನೆಟ್‌ವರ್ಕ್ ತಂತಿ ನೋಡಿ ಗುರುಗಳೇ.” ತಂತಿ ಬದಲಾಯಿತು. ಮತ್ತೆ ಕಲ್ಲು. “ನೀವು ಬರೆದಿದ್ದೀರಲ್ಲ, ಆ ಹಳೇ ಭಾಗ, ಅದನ್ನ ಒಂದ್ಸಲ ನೋಡ್ಕೊಳ್ಳಿ.” ಭಾವ ತಾವು ಬರೆದದ್ದನ್ನೆಲ್ಲ ಕೂತು ಓದಿದರು, ಪರೀಕ್ಷೆಯಲ್ಲಿ ಫೇಲಾದವನು ಉತ್ತರಪತ್ರಿಕೆ ಓದುವ ಹಾಗೆ.

“ವಯಸ್ಸಾಯ್ತೇನೋ ಕಣೇ” ಎಂದರು ಅಕ್ಕನಿಗೆ. “ಮುಂಚೆ ಆದ್ರೆ ಇಷ್ಟು ಹೊತ್ತಿಗೆ ಸಿಕ್ತಿತ್ತು.”

ಅಕ್ಕ ಸುಮ್ಮನಿದ್ದಳು. ಅವಳು ಸುಮ್ಮನಿದ್ದರೆ ಭಯಪಡಬೇಕು.

ಗ್ರಂಥಾಲಯಕ್ಕೆ ವಾರದ ರಜೆ ಇದ್ದ ದಿನ ಅವಳೇ ಹೊರಡಿಸಿದಳು. “ಬೀಗ ಅಂದ್ರೆ ಇಬ್ಬರು ಜಗಳ ಆಡ್ಬೇಕು ತಾನೇ? ನೀವೊಬ್ಬರೇ ಕೂತ್ರೆ ಯಾರ ಜೊತೆ ಆಡ್ತೀರಿ? ನಾವಿಬ್ರೂ ಬರ್ತೀವಿ, ನಡೀರಿ.” ಯಾರನ್ನು ಕೇಳಿ ನನ್ನನ್ನು ಸೇರಿಸಿದಳೋ ಗೊತ್ತಿಲ್ಲ.

ಖಾಲಿ ಗ್ರಂಥಾಲಯದಲ್ಲಿ ಅಕ್ಕ ಒಂದು ಕೌಂಟರಿನಲ್ಲಿ ಕೂತು ಪುಸ್ತಕಗಳನ್ನು ವಾಪಸು ತೆಗೆದುಕೊಳ್ಳುತ್ತ ಹೋದಳು. ಇನ್ನೊಂದು ಮೂಲೆಯಲ್ಲಿ, ಅದೇ ಕಂಪ್ಯೂಟರಿಗೆ ಜೋಡಿಸಿದ ಬೇರೊಂದು ಪರದೆಯ ಮುಂದೆ, ನಾನು ಡಿಸ್ಕಿನ ನಕಲು ತೆಗೆಯುವ ಗುಂಡಿಯನ್ನು ಒತ್ತುತ್ತ ಹೋದೆ. ಸುಲಭದ ಕೆಲಸವೆಂದು ನನಗೆ ಕೊಟ್ಟದ್ದು. ಅದರಲ್ಲೂ ಎರಡು ಸಲ ಯಂತ್ರವನ್ನೇ ಆರಿಸಿಬಿಟ್ಟೆ.

“ಅಯ್ಯೋ, ಎಡಗಡೆ ಗುಂಡಿ ಕಣೋ!”

“ನನ್ನ ಎಡಗಡೆನಾ, ಅದರ ಎಡಗಡೆನಾ ಭಾವ?”

ಮಧ್ಯಾಹ್ನದ ಬಿಸಿಲು ಕಪಾಟುಗಳ ಮೇಲಿಂದ ಇಳಿದು ಕೌಂಟರಿಗೆ ಬರುವ ಹೊತ್ತಿಗೆ ಅಕ್ಕನ ಪರದೆ ಗಕ್ಕನೆ ನಿಂತಿತು. ನನ್ನ ಪರದೆಯೂ ನಿಂತಿತು. ಭಾವ ಓಡಿಬಂದು ಕೀಬೋರ್ಡಿನ ಮೂರ್ನಾಲ್ಕು ಕೀಲಿಗಳನ್ನು ಒಟ್ಟಿಗೆ ಅದುಮಿದರು. ಸಿಕ್ಕಿಬಿದ್ದ ಯಂತ್ರದಿಂದ, ಯಾರ ಕೈಲಿ ಯಾವ ಬೀಗವಿದೆ ಎಂದು ಕೊನೆಯ ಮಾತು ಹೇಳಿಸುವ ಉಪಾಯ ಅದು. ಪರದೆಯ ಮೇಲೆ ಬಿಳಿ ಅಕ್ಷರಗಳು ಸುರಿದವು.

ಭಾವ ಬೆರಳಿಟ್ಟು ಓದಿದರು. “ನಿನ್ನ ಅಕ್ಕನ ಕೆಲಸ ಬಕೆಟ್ಟು ಹಿಡ್ಕೊಂಡು ಮಗ್ಗಿಗೆ ಕಾಯ್ತಿದೆ. ನಿನ್ನ ನಕಲಿನ ಕೆಲಸ ಮಗ್ಗು ಹಿಡ್ಕೊಂಡು ಬಕೆಟ್ಟಿಗೆ ಕಾಯ್ತಿದೆ.”

“ಮತ್ತೆ ನಿಮ್ಮ ಕಾವಲುಗಾರ ಸತ್ತಿದ್ನಾ?” ಎಂದಳು ಅಕ್ಕ.

ಅದೇ ಪ್ರಶ್ನೆ. ಭಾವ ತಮ್ಮ ಲ್ಯಾಪ್‌ಟಾಪ್ ತೆರೆದು ಡಿಸ್ಕಿನ ಭಾಗದಲ್ಲಿ ನಕಲು ತೆಗೆಯುವ ಕೆಲಸದ ಮೂಲ ಬರಹಕ್ಕೆ ಹೋದರು. ತುಂಬ ಹುಡುಕಬೇಕಾಗಲಿಲ್ಲ. ಮಗ್ಗನ್ನು ಮೊದಲು ಹಿಡಿಯುವ ಸಾಲು ಅಲ್ಲೇ ಇತ್ತು. ಅದರ ಮೇಲುಗಡೆ, ಕಾವಲುಗಾರನಿಗೆಂದೇ ಬರೆದ ಇನ್ನೊಂದು ಸಾಲು. ಅದರ ಅರ್ಥ ಇಷ್ಟೇ: ‘ಇದು ಬೇರೆ ಮಗ್ಗು. ನೀನು ತಲೆ ಕೆಡಿಸಿಕೊಳ್ಳಬೇಡ.’

“ನಿಜಕ್ಕೂ ಬೇರೆ ಮಗ್ಗಾ ಭಾವ?”

“ಅದೇ ಮಗ್ಗು ಕಣೋ.” ಅವರ ದನಿ ಇಳಿದುಹೋಗಿತ್ತು. “ಕಾವಲುಗಾರ ಕೂಗಿದ್ದಾನೆ. ಸರಿ ಮಾಡೋದು ಬಿಟ್ಟು ಅವನ ಬಾಯಿ ಮುಚ್ಚಿಸಿದ್ದಾರೆ.”

ಯಾರು ಎಂದು ನಾವು ಕೇಳಲಿಲ್ಲ. ಆ ಭಾಗಕ್ಕೆ ಇದ್ದ ಉಸ್ತುವಾರಿ ಒಬ್ಬನೇ.

ಫೋನು ಅಲ್ಲಿಂದಲೇ ಹೋಯಿತು. ಸ್ಪೀಕರಿನಲ್ಲೇ.

“ಆ ಮಗ್ಗು ಬೇರೆ ಅಂತ ಬರೆದೋನು ನೀನೇನಾ?”

“ಗುರುಗಳೇ, ಅದು... ಹೊಸ ಆವೃತ್ತಿ ಬಿಡೋ ಅವಸರದಲ್ಲಿದ್ದೆ. ಆಮೇಲೆ ಸರಿ ಮಾಡೋಣ ಅಂತಿದ್ದೆ. ಮರೆತುಹೋಯ್ತು.”

“ನಾನು ಮೊದಲನೇ ಸಲ ಫೋನ್ ಮಾಡಿದಾಗ್ಲೂ ಮರೆತಿತ್ತಾ?”

“ಆಗ... ನೆನಪಾಯ್ತು.”

“ನೆನಪಾದ ಮೇಲೆ ಮೆಮೊರಿ ಕಡ್ಡಿ ಬದಲಾಯ್ಸು ಅಂದೆಯಲ್ಲೋ.”

ಭಾವ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಮಂಡಿಯ ಮೇಲಿನ ಧೂಳನ್ನು ಕೊಡವುತ್ತಾ ಕೂತರು. ಆ ದಿನ ಅವರ ಮಂಡಿಯ ಮೇಲೆ ಧೂಳೇ ಇರಲಿಲ್ಲ.

“ನನ್ನ ಹಳೇ ಭಾಗ ನೋಡ್ಕೊಳ್ಳಿ ಅಂದೆ ನೀನು. ಓದ್ದೆ ಕಣಪ್ಪ. ಪೂರ್ತಿ ಓದ್ದೆ. ನನಗೆ ಬುದ್ಧಿ ಮಂಕಾಗಿದೆ ಅಂತ ಮನೆಯವಳ ಹತ್ರ ಹೇಳ್ಕೊಂಡೆ.”

“ತಪ್ಪಾಯ್ತು ಗುರುಗಳೇ. ನೀವು ತಿದ್ದುಪಡಿ ಕಳಿಸಿ, ಈಗ್ಲೇ ಸೇರಿಸ್ಕೋತೀನಿ. ಒಂದೇ ಒಂದು ಬೇಡಿಕೆ. ಕೆಳಗಡೆ ಆ ಸಾಲು ಮಾತ್ರ ಬೇಡ.”

‘ಆ ಸಾಲು’ ಎಂದರೆ ಈ ಜನರ ಒಂದು ಕಟ್ಟಳೆ. ತಿದ್ದುಪಡಿ ಕಳಿಸುವವರು ಕೊನೆಯಲ್ಲಿ, ಇದು ಯಾವ ಹಳೆಯ ಬದಲಾವಣೆಯ ತಪ್ಪನ್ನು ಸರಿಪಡಿಸುತ್ತದೆ ಎಂದು ಬರೆಯಬೇಕು. ಅದನ್ನು ನೋಡಿಕೊಂಡೇ ಹಳೆಯ ಆವೃತ್ತಿ ಓಡಿಸುತ್ತಿರುವ ಕಡೆಗೂ ಮದ್ದು ಕಳಿಸುತ್ತಾರೆ. ಸಾಲು ಇಲ್ಲದಿದ್ದರೆ ಅಲ್ಲಿನ ಯಂತ್ರಗಳು ಕಲ್ಲಾಗುತ್ತಲೇ ಇರುತ್ತವೆ. ಸಾಲು ಇದ್ದರೆ ತಪ್ಪು ಯಾರದೆಂದು ಎಲ್ಲರಿಗೂ ಕಾಣುತ್ತದೆ.

“ವಾರ್ಷಿಕ ಸಮ್ಮೇಳನದಲ್ಲಿ ನನ್ನ ಭಾಷಣ ಇದೆ ಗುರುಗಳೇ. ಬೀಗಗಳ ಶಿಸ್ತಿನ ಮೇಲೆ.”

ನನಗೆ ನಗು ಬಂತು. ಅಕ್ಕನಿಗೆ ಬರಲಿಲ್ಲ. “ಕೊಡ್ರೀ ಇಲ್ಲಿ” ಎಂದು ಫೋನು ಕಿತ್ತುಕೊಂಡಳು. “ಏನಪ್ಪಾ, ನಮ್ಮನೇಲಿ ಎರಡನೇ ಸಲ ಬಡಿಸ್ಕೊಳ್ಳೋಕೆ ನಾಚಿಕೊಳ್ತಿದ್ದೋನು ನೀನೇ ತಾನೇ? ಆ ನಾಚಿಕೆ ಎಲ್ಲಿಟ್ಟೆ ಈಗ?”

ಫೋನು ಕಟ್ಟಾಯಿತು.

ಭಾವ ತಿದ್ದುಪಡಿ ಬರೆದರು. ಅರ್ಧ ಪುಟವೂ ಇಲ್ಲ. ಮೊದಲು ಬಕೆಟ್ಟು, ಆಮೇಲೆ ಮಗ್ಗು. ಕಾವಲುಗಾರನಿಗೆ ಹೇಳಿದ ಸುಳ್ಳಿನ ಸಾಲನ್ನು ತೆಗೆದುಹಾಕಿದರು. ಕೆಳಗೆ ಆ ಸಾಲನ್ನು ಬರೆದು, ಅಳಿಸಿ, ಮತ್ತೆ ಬರೆದು ಕಳಿಸಿದರು. ಗ್ರಂಥಾಲಯದ ಯಂತ್ರಗಳಿಗೂ ಅದನ್ನೇ ಹಾಕಿದರು. ಕಲ್ಲಾಗುವುದು ನಿಂತಿತು.

ನಾವು ಅಷ್ಟಕ್ಕೆ ಮುಗಿಯಿತು ಎಂದುಕೊಂಡೆವು. ಒಂದು ಬೆಳಿಗ್ಗೆ ಭಾವ ಲ್ಯಾಪ್‌ಟಾಪ್ ಹಿಡಿದು ಅಡುಗೆಮನೆಗೆ ಬಂದು ನಿಂತರು. ಅವರ ತಿದ್ದುಪಡಿ ಪರಿಶೀಲನೆಯಲ್ಲಿದೆ ಎಂದು ಪಕ್ಕಕ್ಕೆ ಸರಿಸಿದ ಮಫ್ಲರ್, ಅದೇ ತಿದ್ದುಪಡಿಯನ್ನು ಅಲ್ಲೊಂದು ಇಲ್ಲೊಂದು ಪದ ಬದಲಾಯಿಸಿ ತನ್ನ ಹೆಸರಿನಲ್ಲಿ ಸೇರಿಸಿದ್ದ. ‘ಸಣ್ಣ ಸುಧಾರಣೆ’ ಎಂದು ತಲೆಬರಹ. ಆ ಸಾಲು ಇಲ್ಲ.

“ಸಭೇಲಿ ಏನು ಹೇಳ್ತೀರಿ ಈಗ?” ಅಕ್ಕ ಕೇಳಿದಳು.

“ಸಣ್ಣ ಸುಧಾರಣೆಯಿಂದ ಸರಿಹೋಯ್ತು ಅಂತ. ಮೇಡಂ ಕೇಳ್ತಾರೆ, ಹಾಗಿದ್ರೆ ಇಷ್ಟು ದಿನ ಮೆಮೊರಿ ಕಡ್ಡಿ ಯಾಕೆ ಕೀಳ್ತಿದ್ರಿ ಅಂತ.”

ಆ ದಿನ ಅವರು ಕರ್ನೆಲ್ ಕೆಲಸದವರೆಲ್ಲರೂ ಓದುವ ಜಾಗದಲ್ಲಿ ಒಂದು ಸಂದೇಶ ಹಾಕಿದರು. ನಾನಾಗಿದ್ದರೆ ಎರಡು ಪುಟ ಉರಿದುಬೀಳುತ್ತಿದ್ದೆ. ಅವರು ಬೈಯಲಿಲ್ಲ, ತಿದ್ದುಪಡಿ ತಮ್ಮದೆಂದೂ ಹೇಳಿಕೊಳ್ಳಲಿಲ್ಲ. ಯಂತ್ರ ಹೇಳಿದ ಕೊನೆಯ ಮಾತನ್ನು ಹಾಗೇ ಅಂಟಿಸಿ, ‘ಈ ಎರಡೂ ಒಂದೇ ಬೀಗ. ಹಳೆಯ ಆವೃತ್ತಿಗಳಿಗೂ ಈ ಮದ್ದು ಹೋಗಬೇಕು’ ಎಂದು ಬರೆದು, ಬಿಟ್ಟುಹೋದ ಸಾಲನ್ನು ಕೆಳಗೆ ಸೇರಿಸಿದರು. ಬೇರೆ ಬೇರೆ ಊರುಗಳಿಂದ ‘ನಮ್ಮಲ್ಲೂ ಹೀಗೇ ನಿಲ್ಲುತ್ತಿತ್ತು’ ಎಂದು ಉತ್ತರಗಳು ಬಂದವು. ಎಲ್ಲ ಭಾಗಗಳ ಮೇಲೆ ಇರುವ ಹಿರಿಯ ಉಸ್ತುವಾರಿ ಆ ಸಾಲನ್ನು ಒಪ್ಪಿ, ಹಳೆಯ ಆವೃತ್ತಿಗಳಿಗೂ ಮದ್ದು ಹೊರಡಿಸಿದ. ಮಫ್ಲರ್ ಒಂದಕ್ಷರ ಬರೆಯಲಿಲ್ಲ.

ಸಮಿತಿ ಸಭೆಯಲ್ಲಿ ಶ್ಶ್ ಮೇಡಂ ಆ ಉತ್ತರಗಳನ್ನೆಲ್ಲ ಓದಿ ಪಿಸುಗುಟ್ಟಿದರಂತೆ, “ಅಂದ್ರೆ ನಿಮ್ಮ ತಪ್ಪಲ್ಲ.”

“ನಾನು ಬಿಟ್ಟುಕೊಟ್ಟ ಭಾಗದಲ್ಲಿತ್ತು ಮೇಡಂ” ಎಂದರಂತೆ ಭಾವ. ಸಿಸ್ಟಮ್ ಉಳಿಯಿತು. ಗೋಂದಿನಿಂದ ಅವರೂ ಉಳಿದರು. ಸಿಹಿ ತರುತ್ತಾರೆಂದು ನಾನು ಕಾದುಕೂತಿದ್ದೆ. ಬರಿಗೈಲಿ ಬಂದರು.

ಸಮ್ಮೇಳನದ ವಿಡಿಯೋ ಬಂದಾಗ ನೋಡಬೇಡಿ ಎಂದಳು ಅಕ್ಕ. ಭಾವ ನೋಡಿದರು. ಹೊಸ ಮಫ್ಲರ್ ಸುತ್ತಿಕೊಂಡು ವೇದಿಕೆಯ ಮೇಲೆ ನಿಂತಿದ್ದ. ಮಾತು ಶುರುಮಾಡಿದ್ದೇ ಒಂದು ಮನೆ, ಒಂದು ಬಕೆಟ್ಟು, ಒಂದು ಮಗ್ಗಿನಿಂದ. “ಕಂಪ್ಯೂಟರೊಳಗೆ ಅಕ್ಕ ಇಲ್ಲ” ಎಂದು ಅವನು ಹೇಳಿದಾಗ ಇಡೀ ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ಮಾತಿಗೆ ಅರ್ಧ ಕಾರಣ ನಾನು. ನನ್ನ ಪುಸ್ತಕಗಳಿಗೆ ಯಾರೂ ಹಾಗೆ ನಕ್ಕಿಲ್ಲ.

“ಕಳ್ಳ!” ಎಂದೆ.

“ಚೆನ್ನಾಗಿ ಹೇಳ್ದ” ಎಂದರು ಭಾವ. ವಿಡಿಯೋವನ್ನು ಹಿಂದಕ್ಕೆ ಓಡಿಸಿ ಆ ಜಾಗವನ್ನು ಮತ್ತೆ ನೋಡಿದರು. ಅವರು ನಗಲಿಲ್ಲ. “ನಮ್ಮ ಬಚ್ಚಲ ಬಾಗಿಲ ಬಣ್ಣ ಕೂಡ ಸರಿಯಾಗಿ ಹೇಳಿದ್ದಾನೆ ನೋಡು.”

ಅವರನ್ನು ಹಗುರ ಮಾಡೋಣವೆಂದು ನಾನು ನನ್ನ ಕಸುಬಿಗೆ ಇಳಿದೆ. “ಅಲ್ಲ ಭಾವ, ಇದೂ ಅದೇ ಕಾಯಿಲೆ. ಅವನು ನಿಮ್ಮ ಫೋನಿಗೆ ಕಾಯ್ತಾನೆ, ನೀವು ಅವನ ಕ್ಷಮಾಪಣೆಗೆ ಕಾಯ್ತೀರಿ. ಇಬ್ಬರೂ ಕೈಲಿರೋದನ್ನ ಬಿಡಲ್ಲ.”

“ಇಬ್ಬರೂ ಕಾಯ್ತಿದ್ರೆ ತಾನೇ ಆ ಕಾಯಿಲೆ?” ಭಾವ ಲ್ಯಾಪ್‌ಟಾಪ್ ಮುಚ್ಚಿದರು. “ನಾನು ಕಾಯ್ತಿಲ್ಲ ಕಣೋ.”

ಎದ್ದುಹೋಗಿ ಬಾಗಿಲ ಹಿಂದಿನ ಮೊಳೆಯಿಂದ ಆ ಮಫ್ಲರನ್ನು ತೆಗೆದು ಅಕ್ಕನ ಕೈಗೆ ಕೊಟ್ಟರು. ಅವಳು ಅದನ್ನು ತಿರುಗಿಸಿ ನೋಡಿ, “ಒಳ್ಳೇ ಉಣ್ಣೆ, ಒರೆಸೋಕೆ ಬರಲ್ಲ. ಏನ್ ಮಾಡ್ಲಿ ಇದನ್ನ?” ಎಂದಳು. ಭಾವ ಆಗಲೇ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಿದ್ದರು. ಬಕೆಟ್ಟಿಗೆ ನೀರು ಬೀಳುವ ಸದ್ದು ಬಹಳ ಹೊತ್ತು ಕೇಳಿಸಿತು. ಮಗ್ಗಿನ ಸದ್ದು ಮಾತ್ರ ಕೇಳಿಸಲಿಲ್ಲ.